ಹಾಲ್ ಗ್ರಾಫಿನ ಉಬ್ಬಿನ ಕುರಿತು ಸುಮಳಿಗೆ

ಶಿಡ್ಲಘಟ್ಟ

ಚಿ|| ಸುಮಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಕಳಿಸಿದ ಗ್ರಾಫನ್ನು ಮುದ್ರಿಸಿಕೊಂಡು, ಜಗಲಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಕಾಂತಕ್ಷೇತ್ರ ಏರಿದಂತೆ ಹಾಲ್ ರೋಧ (ಪ್ರವಾಹಕ್ಕೆ ಅಡ್ಡಲಾಗಿ ಹುಟ್ಟುವ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದ್ದು) ಒಂದೆಡೆ ಉಬ್ಬಿ ಮತ್ತೆ ಇಳಿದಿದೆ. ಅದರ ಪಕ್ಕದಲ್ಲಿ ನೀನು ‘ಟೊಪೊಲಾಜಿಕಲ್ ಹಾಲ್ ಪರಿಣಾಮ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೀಯೆ. ಅಂದರೆ, ಈ ಉಬ್ಬು ಕಾಂತೀಯ ಸುಳಿಗಳಿಂದಲೇ ಬಂದಿದೆ ಎಂಬುದು ನಿನ್ನ ಮಾತು. ಆ ಎರಡು ಗೆರೆಗಳಿಗಾಗಿಯೇ ಈ ಪತ್ರ.

ತ್ರಿಕೋನದ ಮೂರು ಮೂಲೆಗಳ ಸ್ಪಿನ್‌ಗಳಲ್ಲಿ (ಪರಮಾಣುಗಳ ಪುಟ್ಟ ಕಾಂತಗಳಲ್ಲಿ) ಪ್ರತಿಯೊಂದೂ ನೆರೆಯದಕ್ಕೆ ವಿರುದ್ಧವಾಗಿ ತಿರುಗಬೇಕೆಂದರೆ, ಎರಡು ಹೊಂದಿಕೊಂಡ ಮೇಲೆ ಮೂರನೆಯದಕ್ಕೆ ದಾರಿಯೇ ಉಳಿಯುವುದಿಲ್ಲವೆಂಬುದನ್ನು ಮೂರು ಬೆಂಕಿಕಡ್ಡಿ ಇಟ್ಟು ನಿನಗೆ ತೋರಿಸಿದ್ದೆ. ಇಂಥ ಇಕ್ಕಟ್ಟಿನಿಂದಲೇ ಸ್ಪಿನ್‌ಗಳು ಸ್ಕರ್ಮಿಯಾನ್ ಎಂಬ ಸುಳಿಗಳನ್ನು ಕಟ್ಟಿಕೊಳ್ಳಬಲ್ಲವೆಂದು ಭೌತವಿಜ್ಞಾನಿಗಳಾದ ಒಕುಬೊ, ಚುಂಗ್ ಮತ್ತು ಕವಮುರ 2012ರಲ್ಲಿ ಲೆಕ್ಕದಿಂದ ತೋರಿಸಿದರು. 2009ರಲ್ಲಿ ಸ್ಕರ್ಮಿಯಾನ್ ಜಾಲ ಕಂಡದ್ದು ಮ್ಯಾಂಗನೀಸ್ ಸಿಲಿಸೈಡಿನಲ್ಲಿ. ಅದು ವಿಲೋಮ ಸಮಮಿತಿ (ನಡುವಿನ ಬಿಂದುವಿನ ಮೂಲಕ ಎಲ್ಲವನ್ನೂ ಎದುರು ಬದಿಗೆ ತಿರುಗಿಸಿದರೂ ಮೊದಲಿನಂತೆಯೇ ಕಾಣುವ ಗುಣ) ಇಲ್ಲದ ಹರಳು, ಸುಳಿಯಿಂದ ಸುಳಿಗೆ ಸುಮಾರು 18 ನ್ಯಾನೋಮೀಟರ್ ಅಂತರ. 2019ರಲ್ಲಿ ಗ್ಯಾಡೊಲಿನಿಯಂ, ಪಲ್ಲಾಡಿಯಂ, ಸಿಲಿಕಾನ್‌ಗಳ ಸಂಯುಕ್ತದ ತ್ರಿಕೋನ ಜಾಲದಲ್ಲಿ ಕಂಡ ಸುಳಿಗಳಿಗೆ ಆ ಬಗೆಯ ಹರಳು ಬೇಕಾಗಲಿಲ್ಲ, ಮತ್ತು ಅವುಗಳ ಗಾತ್ರ ಕೇವಲ 2.5 ನ್ಯಾನೋಮೀಟರ್ ಆಸುಪಾಸು. ಸುಳಿಯ ಮೇಲೆ ಹಾದುಹೋಗುವ ಎಲೆಕ್ಟ್ರಾನಿನ ಸ್ಪಿನ್ ಕೆಳಗಿನ ಸ್ಪಿನ್‌ಗಳನ್ನು ಅನುಸರಿಸಿ ತಿರುಗುವುದರಿಂದ, ಪ್ರತಿ ಸುಳಿಯೂ ಒಂದು ಅಭಿವಾಹ ಕ್ವಾಂಟಮ್ಮಿನಂತೆ (ಕಾಂತ ಅಭಿವಾಹದ ಒಂದು ನಿಗದಿತ ಅಳತೆಯಂತೆ) ವರ್ತಿಸುತ್ತದೆ. ಸುಳಿ ಚಿಕ್ಕದಾದಷ್ಟೂ ಆ ಕಲ್ಪಿತ ಕ್ಷೇತ್ರ ದಟ್ಟವಾಗಿ, ಸಣ್ಣ ಸುಳಿಗೆ ನೂರಾರು ಟೆಸ್ಲಾ ಲೆಕ್ಕ ಬರುತ್ತದೆ. ಆ ಕ್ಷೇತ್ರ ಎಲೆಕ್ಟ್ರಾನನ್ನು ಪಕ್ಕಕ್ಕೆ ತಳ್ಳಿದರೆ ಹಾಲ್ ರೋಧದಲ್ಲಿ ಉಬ್ಬು ಮೂಡುತ್ತದೆ. ಆಸೆ ಹುಟ್ಟುವುದು ಇಲ್ಲಿಯೇ.

ನಾನೂ ಆಸೆಪಟ್ಟವನೇ. ಉಪನ್ಯಾಸಕನಾಗಿದ್ದ ಮೊದಲ ವರ್ಷಗಳಲ್ಲಿ, ಜರ್ಮೇನಿಯಂ ತುಂಡಿನ ಹಾಲ್ ವೋಲ್ಟೇಜು ಕ್ಷೇತ್ರ ಶೂನ್ಯವಿದ್ದಾಗಲೂ ಉಳಿದದ್ದನ್ನು ಕಂಡು ಹೊಸದೇನೋ ಸಿಕ್ಕಿತೆಂದು ಎರಡು ರಾತ್ರಿ ನಿದ್ದೆಗೆಟ್ಟೆ. ಬೆಳ್ಳಿಯ ಪೇಸ್ಟಿನಿಂದ ನಾನು ಅಂಟಿಸಿದ್ದ ಎರಡು ತಂತಿಗಳಲ್ಲಿ ಒಂದು ಮಿಲಿಮೀಟರಿನ ಅರ್ಧದಷ್ಟು ಪಕ್ಕಕ್ಕೆ ಸರಿದಿತ್ತು; ಉದ್ದದ ರೋಧವೇ ಅಡ್ಡದ ಅಳತೆಯಲ್ಲಿ ಬೆರೆತಿತ್ತು, ಅಷ್ಟೇ.

ಆ ಬೆರಕೆ ಹೋಗಬೇಕಾದರೆ ಕ್ಷೇತ್ರವನ್ನು ಎರಡೂ ದಿಕ್ಕಿಗೆ ಹರಿಸಿ, ವ್ಯತ್ಯಾಸದ ಅರ್ಧವನ್ನು ತೆಗೆದುಕೊಳ್ಳಬೇಕು. ಆದರೆ ಹಿಸ್ಟೆರಿಸಿಸ್ (ಕ್ಷೇತ್ರ ಏರುವಾಗ ಒಂದು ದಾರಿ, ಇಳಿಯುವಾಗ ಇನ್ನೊಂದು) ಇದ್ದರೆ ಏರುವಾಗಿನ ಅಂಕಿಗೆ ಎದುರು ದಿಕ್ಕಿನಲ್ಲಿ ಅದಕ್ಕೆ ಹೊಂದುವ ಅಂಕಿಯನ್ನೇ ಜೋಡಿಸಬೇಕು. ಇದನ್ನು ನೀನು ಮಾಡಿರಬಹುದು. ನನ್ನ ಚಿಂತೆ ಅದಕ್ಕಿಂತ ಮುಂದಿನದು. ನಿನ್ನದು ತೆಳುಪದರ, ಅದರಲ್ಲಿ ಸ್ವಲ್ಪ ಭಿನ್ನವಾದ ಎರಡು ಭಾಗಗಳಿದ್ದು, ಅವುಗಳ ಅಸಹಜ ಹಾಲ್ ಪರಿಣಾಮದ (ವಸ್ತುವಿನ ಸ್ವಂತ ಕಾಂತತ್ವದಿಂದ ಬರುವ ಪಾಲಿನ) ಚಿಹ್ನೆ ಪರಸ್ಪರ ವಿರುದ್ಧವಾಗಿ, ಕಾಂತತ್ವ ಬೇರೆ ಬೇರೆ ಕ್ಷೇತ್ರದಲ್ಲಿ ಮಗುಚಿಕೊಂಡರೆ, ಸ್ಕರ್ಮಿಯಾನ್ ಒಂದೂ ಇಲ್ಲದೆ ಇದೇ ಉಬ್ಬು ಬರುತ್ತದೆ. ಎರಡು ಸಾದಾ ಮೆಟ್ಟಿಲುಗಳನ್ನು ಒಂದರ ಮೇಲೊಂದು ಕೂಡಿಸಿ ನೀನೇ ಬರೆದು ನೋಡು. ಕ್ಷೇತ್ರವನ್ನು ಪೂರ್ತಿ ಏರಿಸದೆ ನಡುವೆಯೇ ಹಿಂದಿರುಗಿಸುವ ಸಣ್ಣ ಲೂಪುಗಳನ್ನು ಅಳೆ; ಎರಡು ಭಾಗಗಳ ಆಟವಾಗಿದ್ದರೆ ಅವು ಹೆಚ್ಚಾಗಿ ಅಲ್ಲಿ ಸಿಕ್ಕಿಬೀಳುತ್ತವೆ. ತಾಪಮಾನ ಬದಲಿಸುತ್ತ ಬಂದಾಗ, ಅಸಹಜ ಪರಿಣಾಮ ಚಿಹ್ನೆ ಬದಲಿಸುವ ಕಡೆಯೇ ನಿನ್ನ ಉಬ್ಬು ಹಿರಿದಾಗುತ್ತಿದ್ದರೆ ಅನುಮಾನಪಡು.

ಆ 2019ರ ಪ್ರಯೋಗದವರೂ ಹಾಲ್ ರೋಧವೊಂದನ್ನೇ ನೆಚ್ಚಲಿಲ್ಲ. ಗ್ಯಾಡೊಲಿನಿಯಂ ನ್ಯೂಟ್ರಾನುಗಳನ್ನು ಹೇರಳವಾಗಿ ನುಂಗುವ ಧಾತುವಾದ್ದರಿಂದ, ಅನುರಣನ ಎಕ್ಸ್-ರೇ ಚದುರಿಕೆಯಿಂದ ಸ್ಪಿನ್‌ಗಳ ಜೋಡಣೆಯನ್ನು ನೋಡಿದರು. ನಮ್ಮ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ಯಾರೂ ಬೆಲೆ ಕಟ್ಟುವುದಿಲ್ಲವಷ್ಟೆ. ನಿನ್ನ ಗೈಡ್ ಅವಸರ ಮಾಡಿದರೆ, ಸುಳಿಗಳ ಚಿತ್ರ ಸಿಗುವವರೆಗೆ ‘ಹಾಲ್ ರೋಧದಲ್ಲಿ ಉಬ್ಬು’ ಎಂದಷ್ಟೇ ಬರೆಯೋಣವೆಂದು ವಿನಯದಿಂದ ಕೇಳಿಕೊ.

ಯುಗಾದಿಗೆ ಬರುವಾಗ ಎರಡೂ ದಿಕ್ಕಿನ ಕಚ್ಚಾ ಅಂಕಿಗಳನ್ನು ತೆಗೆದುಕೊಂಡು ಬಾ. ತಿದ್ದಿದ ಗ್ರಾಫು ಬೇಡ. ನಿನ್ನ ದೊಡ್ಡಮ್ಮ ಒಬ್ಬಟ್ಟು ತಟ್ಟುವಷ್ಟರಲ್ಲಿ ನಾವಿಬ್ಬರೂ ಕೂತು ಲೆಕ್ಕ ಹಾಕಿಬಿಡೋಣ.

ಇಂತಿ ನಿನ್ನ ದೊಡ್ಡಪ್ಪ