ಕಟ್ಟಡಕ್ಕೆ ಹಣವಿದೆ, ನಿರ್ವಹಣೆಗಿಲ್ಲ

ಮಾನ್ಯರೇ,

ಶಾಲಾ–ಕಾಲೇಜುಗಳ ಆರ್ಥಿಕ ಮುಗ್ಗಟ್ಟು ಹೆಚ್ಚಾಗಿ ಕಾಣುವುದು ಯಾರೂ ಗಮನಿಸದ ದಿನನಿತ್ಯದ ಖರ್ಚಿನಲ್ಲಿ. ಶಿಕ್ಷಣಕ್ಕೆ ಜಿಡಿಪಿಯ ಕನಿಷ್ಠ ಶೇ 4ರಿಂದ 6ರಷ್ಟು ಅಥವಾ ಸರ್ಕಾರಿ ವೆಚ್ಚದ ಶೇ 15ರಿಂದ 20ರಷ್ಟು ಹಣ ಮೀಸಲಿಡಬೇಕೆಂದು ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ನಡೆದ ವಿಶ್ವ ಶಿಕ್ಷಣ ಸಮ್ಮೇಳನದ 2015ರ ಘೋಷಣೆ ಹೇಳಿದೆ. ಆ ಪ್ರಮಾಣ ಏನೇ ಇರಲಿ, ಸರ್ಕಾರ ಕೊಟ್ಟ ಹಣದಲ್ಲಿ ಬಹುಪಾಲು ವೇತನಕ್ಕೆ ಹೋಗುತ್ತದೆ. ಅದನ್ನು ಆಕ್ಷೇಪಿಸುವಂತಿಲ್ಲ, ಶಿಕ್ಷಕರಿಲ್ಲದೆ ಶಾಲೆ ಎಲ್ಲಿಯದು? ಆದರೆ ಉಳಿದ ಚೂರುಪಾರಿನಲ್ಲಿ ವಿದ್ಯುತ್ ಬಿಲ್, ಶೌಚಾಲಯದ ಸ್ವಚ್ಛತೆ, ಸಣ್ಣಪುಟ್ಟ ದುರಸ್ತಿ ಎಲ್ಲವೂ ನಡೆಯಬೇಕು.

ಹೊಸ ಕಂಪ್ಯೂಟರ್ ಕೊಠಡಿಗೆ ಉದ್ಘಾಟನೆಯ ಭಾಗ್ಯವಿರುತ್ತದೆ, ಫಲಕದಲ್ಲಿ ಹೆಸರೂ ಬರುತ್ತದೆ. ಯುಪಿಎಸ್ ಬ್ಯಾಟರಿ ಬದಲಿಸಲು ಯಾರು ರಿಬ್ಬನ್ ಕತ್ತರಿಸುತ್ತಾರೆ? ಬ್ಯಾಟರಿ ಸತ್ತ ಮೇಲೆ ಯಂತ್ರಗಳು ಹೊದಿಕೆಯಡಿ ದೂಳು ತಿನ್ನುತ್ತವೆ. ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ದ್ರಾವಣ ಅಳೆಯುವ ಒಂದೇ ಗಾಜಿನ ಕೊಳವೆಯ (ಬ್ಯೂರೆಟ್) ಸುತ್ತ ಇಡೀ ತಂಡ ನಿಂತು, ಒಬ್ಬ ವಿದ್ಯಾರ್ಥಿ ಪಡೆದ ಅಳತೆಯನ್ನು ಉಳಿದವರು ದಾಖಲೆ ಪುಸ್ತಕಕ್ಕೆ ನಕಲು ಮಾಡಿಕೊಳ್ಳುತ್ತಾರೆ. ಇದಕ್ಕೂ ಅಂಕ ಸಿಗುತ್ತದೆ ಎಂಬುದು ಬೇರೆ ಮಾತು!

ಅನುದಾನ ತಡವಾಗಿ ಬರುವುದು ಇನ್ನೊಂದು ತೊಡಕು. ಆರ್ಥಿಕ ವರ್ಷದ ಕೊನೆಗೆ ಬಂದ ಹಣ, ವಾಪಸು ಹೋದೀತೆಂಬ ಭಯದಲ್ಲಿ ಬೇಕಾದ್ದು ಬೇಡವಾದ್ದು ನೋಡದೆ ಖರ್ಚಾಗುತ್ತದೆ. ಕೊರತೆ ತುಂಬಲು ನಾನಾ ಹೆಸರಿನ ಶುಲ್ಕಗಳು ಪೋಷಕರ ಹೆಗಲೇರುತ್ತವೆ.

ಹೊಸ ಕಟ್ಟಡ ಅಥವಾ ಉಪಕರಣ ಮಂಜೂರು ಮಾಡುವಾಗಲೇ ಅದರ ವಾರ್ಷಿಕ ನಿರ್ವಹಣೆಗೂ ಪ್ರತ್ಯೇಕ ಮೊತ್ತ ನಿಗದಿಪಡಿಸಬೇಕು. ಆ ಹಣ ಶೈಕ್ಷಣಿಕ ವರ್ಷದ ಆರಂಭದಲ್ಲೇ ಸಂಸ್ಥೆಯ ಖಾತೆಗೆ ಜಮೆಯಾಗಲಿ. ಖರ್ಚಿನ ಲೆಕ್ಕವನ್ನು ಪೋಷಕರಿಗೆ ಕಾಣುವಂತೆ ಸೂಚನಾ ಫಲಕದಲ್ಲಿ ಹಾಕಲಿ.

– ಒಬ್ಬ ಪೋಷಕ