ಟ್ರಾನ್ಸ್‌ಫಾರ್ಮರ್ ಉಳಿಸಿಕೊಟ್ಟ ಅಣ್ಣಂಗೆ ಥ್ಯಾಂಕ್ಸ್

ನನ್ನ ಟ್ಯೂಬ್ ಆಂಪ್ಲಿಫೈಯರಲ್ಲಿ ಇರೋ ಎರಡು ಇಎಲ್34 ಪವರ್ ಟ್ಯೂಬಲ್ಲಿ ಒಂದು ಮಂಕಾಗಿ ಉರೀತಿತ್ತು, ಸೌಂಡೂ ಒಡೆದು ಬರ್ತಿತ್ತು. ಮೊದ್ಲು ನೋಡಿದವ್ರು ಟ್ಯೂಬನ್ನ ಬಿಸಿ ಮಾಡೋ ಹೀಟರ್ ಪಿನ್‌ಗೂ ಚಾಸಿಸ್‌ಗೂ (ಆಂಪಿನ ಲೋಹದ ಮೈಗೆ) ಮೀಟರ್ ಇಟ್ಟು, 6.3 ವೋಲ್ಟ್ ಬರ್ಬೇಕಾದ ಕಡೆ ಬರೀ 3 ಬರ್ತಿದೆ, ಟ್ರಾನ್ಸ್‌ಫಾರ್ಮರ್ ಹೋಗಿದೆ ಅಂದ್ಬಿಟ್ರು. ಅಷ್ಟು ಹಳೇ ಆಂಪ್‌ಗೆ ಟ್ರಾನ್ಸ್‌ಫಾರ್ಮರ್ ಎಲ್ಲಿಂದ ತರೋದು ಹೇಳಿ!

ಅದನ್ನೇ ವಿಚಾರಿಸೋಕೆ ಆಂಪ್ ರಿಪೇರಿ ಮಾಡೋ ಈ ಅಣ್ಣನ ಹತ್ರ ಹೋದ್ರೆ, "ಇರಿ, ಮೊದ್ಲು ನೋಡೋಣ" ಅಂತ ಮಾಡ್ತಿದ್ದ ಕೆಲ್ಸ ಪಕ್ಕಕ್ಕಿಟ್ರು. ಪವರ್ ಆಫ್ ಇದ್ದಾಗ್ಲೇ ಕಪ್ಪು ವೈರ್ ಕ್ಲಿಪ್ ಸಿಕ್ಕಿಸಿ, ಎಡಗೈ ಜೇಬಲ್ಲಿಟ್ಕೊಂಡು (ಪಕ್ಕದ 3ನೇ ಪಿನ್ನಲ್ಲಿ 400 ವೋಲ್ಟ್ ಡಿಸಿ ಇರತ್ತಲ್ಲ), ಆಮೇಲೆ ಆನ್ ಮಾಡಿ ಟ್ಯೂಬ್ ಬಿಸಿಯಾಗೋವರ್ಗೂ ಕಾದು ಎಸಿ ರೇಂಜಲ್ಲಿ ಹೀಟರಿನ ಎರಡೂ ಪಿನ್, ಅಂದ್ರೆ 2 ಮತ್ತೆ 7ರ ಮಧ್ಯೆ ಅಳೆದ್ರು. 4.8 ವೋಲ್ಟ್. ಟ್ರಾನ್ಸ್‌ಫಾರ್ಮರ್ ತುದೀಲಿ ನೋಡಿದ್ರೆ 6.4! ಸೆಂಟರ್ ಟ್ಯಾಪ್ (ಟ್ರಾನ್ಸ್‌ಫಾರ್ಮರ್ ಸುರುಳಿಯ ಮಧ್ಯದಿಂದ ಬರೋ ವೈರ್) ಚಾಸಿಸ್‌ಗೆ ಗ್ರೌಂಡ್ ಆಗಿದ್ರೆ ಚಾಸಿಸ್‌ನಿಂದ ಅರ್ಧ ವೋಲ್ಟೇಜೇ ತೋರ್ಸೋದು, ನಿಮ್ಮ ಟ್ರಾನ್ಸ್‌ಫಾರ್ಮರ್ ಚೆನ್ನಾಗೇ ಇದೆ ಅಂತ ಮೀಟರ್ ನನ್ ಕಡೆ ತಿರುಗ್ಸಿ ತೋರಿಸಿದ್ರು, ಆಗ್ಲೇ ನನಗೆ ಉಸಿರು ಬಂದಿದ್ದು.

2ನೇ ಪಿನ್ನಿನ ಬೆಸುಗೆ ಬಿರುಕು ಬಿಟ್ಟಿತ್ತು ಅಷ್ಟೇ. ಆಫ್ ಮಾಡಿ, ಕೆಪಾಸಿಟರ್ ಡಿಸ್ಚಾರ್ಜ್ ಆಗಿದೆಯಾ ಅಂತ ಮತ್ತೆ ಅಳೆದು ನೋಡೇ ಸೋಲ್ಡರ್ ಮಾಡಿದ್ರು, ನಾನು ಟಾರ್ಚ್ ಹಿಡ್ಕೊಂಡಿದ್ದೆ. ಈಗ 6.3.

ಅಣ್ಣ, ಓದ್ತಿದ್ರೆ ತುಂಬಾ ಥ್ಯಾಂಕ್ಸ್. ನೀವು ಹೇಳಿದಂಗೆ ಇನ್ನೊಂದು ಸಾಕೆಟ್ಟೂ ಚೆಕ್ ಮಾಡಿದೆ, ಅಲ್ಲೂ 6.3 ಬರ್ತಿದೆ.