ಶಾಸಕರೇ, ಕೆಇಬಿ ಮೇಡಂನ ನಮ್ಮ ಹೈಸ್ಕೂಲಿಗೆ ಕಳಿಸಿಕೊಡಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ.

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ನೀವು ನಮ್ಮೂರ ಹೈಸ್ಕೂಲಿಗೆ ಬಂದಿದ್ದಿರಿ. ದೀಪ ಹಚ್ಚಿದಿರಿ. ಹೆಣ್ಣುಮಕ್ಕಳು ವಿಜ್ಞಾನಿಗಳಾಗಬೇಕು, ನಮ್ಮ ತಾಲ್ಲೂಕಿನಿಂದಲೂ ಒಬ್ಬಳು ಇಸ್ರೋಗೆ ಹೋಗಬೇಕು ಅಂದಿರಿ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನೂ ತಟ್ಟಿದೆ. ನಿಮಗೆ ಇನ್ನೊಂದು ಕಾರ್ಯಕ್ರಮ ಇತ್ತು, ಹೊರಟಿರಿ. ಆಮೇಲೆ ಏನಾಯಿತು ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ಹುಡುಗರು ಥರ್ಮಾಕೋಲ್ ಮಾಡೆಲ್‌ಗಳ ಪಕ್ಕ ನಿಂತು ಬಂದವರಿಗೆಲ್ಲ ವಿವರಣೆ ಕೊಟ್ಟರು. ಹುಡುಗಿಯರಿಗೆ ರಂಗೋಲಿ ಸ್ಪರ್ಧೆ. ವಿಷಯ ಚಂದ್ರಯಾನ. ರಂಗೋಲಿ ಚೆನ್ನಾಗಿಯೇ ಇತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಒಂಬತ್ತನೇ ಕ್ಲಾಸಿನ ಒಬ್ಬಳು ವಿಕ್ರಮ್ ಲ್ಯಾಂಡರ್ ಬಿಡಿಸಿದ್ದಳು, ನಾಲ್ಕು ಕಾಲೂ ಸರಿಯಾಗಿ. ಸುಮ್ನೆ ಕೇಳಿದೆ, "ಮೂರು ಕಾಲಿದ್ದರೆ ಸಾಲ್ತಿರಲಿಲ್ವಾ?" ತಲೆ ಎತ್ತದೆ, ಬೆರಳ ಸಂದಿಯಿಂದ ಪುಡಿ ಬಿಡುತ್ತಲೇ ಹೇಳಿದಳು: "ಮೂರಿದ್ದು ಒಂದು ಕಾಲು ಗುಂಡಿಗೆ ಹೋದ್ರೆ ಮಗುಚಿಕೊಳ್ಳುತ್ತೆ ಅಲ್ವಾ ಅಕ್ಕಾ."

ಆ ದಿನ ಅವಳನ್ನು ಬೇರೆ ಯಾರೂ ಏನೂ ಕೇಳಲಿಲ್ಲ. ಮೂರನೇ ಬಹುಮಾನ ಬಂತು. ಸ್ಟೀಲ್ ಡಬ್ಬಿ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಇದೇ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಎಸ್ಎಲ್‌ಸಿ ಮುಗಿಸಿದವಳು. ಸಿಇಟಿಯಲ್ಲಿ ಗ್ರಾಮೀಣ ಕೋಟಾದಿಂದ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಈಗ ಬೆಂಗಳೂರಿನಲ್ಲಿ ಪವರ್ ಸಪ್ಲೈ ಬೋರ್ಡುಗಳನ್ನು ಟೆಸ್ಟ್ ಮಾಡುವ ಕೆಲಸ. ಮೂರು ವರ್ಷದಿಂದ ತಿಂಗಳಿಗೊಂದು ಶನಿವಾರ ಊರಿಗೆ ಬಂದು, ಶಾಲೆ ಬಿಟ್ಟ ಮೇಲೆ ಇಪ್ಪತ್ತು ಹುಡುಗಿಯರ ಜೊತೆ ಕೂರುತ್ತೇನೆ. ಕೆಟ್ಟ ಮಿಕ್ಸಿ ಬಿಚ್ಚುತ್ತೇವೆ, ಮಲ್ಟಿಮೀಟರ್ ಹಿಡಿದು ಹಳೇ ಸೆಲ್ಲುಗಳಲ್ಲಿ ಇನ್ನೂ ಎಷ್ಟು ಜೀವ ಇದೆ ಅಂತ ನೋಡುತ್ತೇವೆ. ಇದನ್ನು ಬೆಂಗಳೂರಿನಲ್ಲಿ ಮೆಂಟರಿಂಗ್ ಅನ್ನುತ್ತಾರೆ. ನಮ್ಮ ಕಡೆ ಮಾತಿನಲ್ಲಿ, ಕೇಳೋಕೊಬ್ಬ ಅಕ್ಕ.

ಅವರು ಏನು ಕೇಳುತ್ತಾರೆ ಗೊತ್ತಾ? ಕಪ್ಪುಕುಳಿ, ಮಂಗಳ ಗ್ರಹ ಯಾವುದೂ ಅಲ್ಲ. "ಅಕ್ಕಾ, ನಿಮ್ಮ ಮನೇಲಿ ಒಪ್ಪಿದ್ರಾ?" "ಇಂಗ್ಲಿಷ್ ಬರದೆ ಮೊದಲನೇ ವರ್ಷ ಹೇಗೆ ಓದಿದ್ರಿ?" "ಪಿಯುಸಿ ಸೈನ್ಸಲ್ಲಿ ಪಿಸಿಎಂಬಿ ತಗೊಂಡ್ರೆ ಟ್ಯೂಷನ್ ಬೇಕೇ ಬೇಕಾ?" "ನೈಟ್ ಡ್ಯೂಟಿ ಇರುತ್ತಾ?" ಒಬ್ಬಳು ಎಲ್ಲರೂ ಹೋಗುವವರೆಗೆ ಕಾದು, ಬ್ಯಾಗು ಹೆಗಲಿಗೇರಿಸಿಕೊಂಡು ಕೇಳಿದಳು: "ಡಿಪ್ಲೊಮಾ ಮಾಡಿದ್ರೆ ಬೇಗ ಕೆಲಸ ಸಿಗುತ್ತಂತೆ. ಆಗ ಮದುವೆ ಸ್ವಲ್ಪ ಮುಂದಕ್ಕೆ ಹೋಗುತ್ತೆ ಅಲ್ವಾ?" ಇಂಥದ್ದಕ್ಕೆ ಮೇಷ್ಟ್ರ ಹತ್ತಿರ ಉತ್ತರ ಇರುವುದಿಲ್ಲ. ಆ ದಾರಿ ಸವೆಸಿದ ಒಬ್ಬ ಹೆಂಗಸೇ ಎದುರಿಗೆ ಕೂರಬೇಕು.

ನೀವು ಇಸ್ರೋ ಹೆಸರು ಹೇಳಿದಿರಲ್ಲ, ಅಲ್ಲಿಂದಲೇ ಒಂದು ವಿಷಯ ಹೇಳುತ್ತೇನೆ. ಉಪಗ್ರಹ ಯಾವ ಹಾದಿಯಲ್ಲಿ ಹೋಗಬೇಕು ಅಂತ ಲೆಕ್ಕ ಹಾಕುವ ವಿಭಾಗದಲ್ಲಿ ಹಿರಿಯ ಹುದ್ದೆಯಲ್ಲಿದ್ದ ಬಿ.ಪಿ. ದಾಕ್ಷಾಯಿಣಿ ಅವರು ಬೆಳೆದದ್ದು ಭದ್ರಾವತಿಯಲ್ಲಿ, 1960ರ ದಶಕದಲ್ಲಿ. ಆಗ ಆ ಊರಿನಲ್ಲಿ ಎಂಜಿನಿಯರಿಂಗ್ ಓದಿದ್ದ ಹೆಂಗಸು ಒಬ್ಬರೇ ಒಬ್ಬರು. ಅವರು ಮನೆ ಮುಂದೆ ಸೈಕಲ್ಲಿನಲ್ಲಿ ಹೋದಾಗಲೆಲ್ಲ ಈ ಹುಡುಗಿ ನೋಡೋಕೆ ಹೊರಗೆ ಓಡಿ ಬರುತ್ತಿದ್ದಳಂತೆ. ಮುಂದೆ ಇಸ್ರೋ ಸೇರಿದಾಗ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೆಲಸ ಕೊಟ್ಟರು. ಅಲ್ಲಿಯವರೆಗೆ ಕಂಪ್ಯೂಟರನ್ನೇ ಕಂಡಿರಲಿಲ್ಲ. ಕಲಿತರು.

ಆ ಎಂಜಿನಿಯರಮ್ಮ ಯಾವ ಭಾಷಣವನ್ನೂ ಮಾಡಿರಲಿಲ್ಲ. ಸೈಕಲ್ ತುಳಿದುಕೊಂಡು ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು. ಆದರೆ ಕಣ್ಣಿಗೆ ಬೀಳುತ್ತಿದ್ದರು, ಅದೂ ಮತ್ತೆ ಮತ್ತೆ. ವರ್ಷಕ್ಕೊಮ್ಮೆ ವೇದಿಕೆ ಹತ್ತುವ ಅತಿಥಿಗೂ ಅವರಿಗೂ ಇರುವ ವ್ಯತ್ಯಾಸ ಅದೇ.

ಹಿಂದಿನವರ ಕಥೆಯೂ ಹೀಗೇ ಇದೆ. 1933ರಲ್ಲಿ ಕಮಲಾ ಭಾಗವತ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಈಗಿನ ಐಐಎಸ್‌ಸಿಗೆ ಅರ್ಜಿ ಹಾಕಿದಾಗ, ಹೆಣ್ಣು ಅನ್ನುವ ಕಾರಣಕ್ಕೆ ಸಿ.ವಿ. ರಾಮನ್ ಬೇಡ ಅಂದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ ಅಂತ ಸೇರಿಸಿಕೊಂಡರು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು. ನಮ್ಮ ರಾಜ್ಯದ ಮೊದಲ ಮಹಿಳಾ ಎಂಜಿನಿಯರ್ ಅಂತ ಕರೆಸಿಕೊಂಡ ರಾಜೇಶ್ವರಿ ಚಟರ್ಜಿ ಅವರಿಗೆ ಮನೆಯಲ್ಲೇ ಬೆಂಬಲ ಇತ್ತು. ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಅಜ್ಜಿ ಕಮಲಮ್ಮ ದಾಸಪ್ಪ ಕಟ್ಟಿದ ಶಾಲೆಯಲ್ಲೇ ಮೊಮ್ಮಗಳು ಓದಿದ್ದು. ಅಲ್ಲಿಂದ ಅಮೆರಿಕದ ಮಿಷಿಗನ್‌ಗೆ ಹೋಗಿ ಬಂದು, ಐಐಎಸ್‌ಸಿಯಲ್ಲಿ ಮೈಕ್ರೋವೇವ್, ಆಂಟೆನಾ ಪಾಠ ಮಾಡಿದರು. ಅಂಥ ಅಜ್ಜಿ ಇದ್ದವರು ಅದೃಷ್ಟವಂತರು. ನಮ್ಮೂರ ಹುಡುಗಿಯರ ಅಜ್ಜಿಯರು ಹೆಬ್ಬೆಟ್ಟು ಒತ್ತುವವರು, ಅವರಮ್ಮಂದಿರು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮನೆಯಲ್ಲಿ ಇಲ್ಲದ್ದನ್ನು ಊರು ಕೊಡಬೇಕಾಗುತ್ತದೆ.

ಓದಿನಲ್ಲಿ ಇವರು ಹಿಂದಿಲ್ಲ, ಅದು ನಿಮಗೂ ಗೊತ್ತು. 2025ರ ಎಸ್ಎಸ್ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ಹುಡುಗಿಯರು ಶೇ. 74ರಷ್ಟು ಪಾಸಾದರು, ಹುಡುಗರು ಶೇ. 58ರಷ್ಟು. ಅದರ ಹಿಂದಿನ ವರ್ಷ ರಾಜ್ಯಕ್ಕೇ ಮೊದಲು ಬಂದವಳು ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ, ರೈತನ ಮಗಳು. ದೇಶದ ಲೆಕ್ಕ ನೋಡಿದರೆ 2021-22ರಲ್ಲಿ ವಿಜ್ಞಾನ ವಿಭಾಗದ ಕಾಲೇಜು ಓದಿನಲ್ಲಿದ್ದ 57.2 ಲಕ್ಷ ಜನರಲ್ಲಿ 29.8 ಲಕ್ಷ ಹೆಣ್ಣುಮಕ್ಕಳೇ. ಆದರೆ ಸಂಶೋಧನೆ ಮಾಡುವವರಲ್ಲಿ ಐದಕ್ಕೆ ಒಬ್ಬ ಹೆಂಗಸೂ ಇಲ್ಲ. ಬಸ್ಸು ಹತ್ತಿದವರು ನಡುವೆಯೇ ಎಲ್ಲೆಲ್ಲೋ ಇಳಿದುಹೋಗುತ್ತಿದ್ದಾರೆ.

ಯಾಕೆ ಅಂದರೆ, ಈಗ ಯಾರೂ ಬಾಯಿಬಿಟ್ಟು ಬೇಡ ಅನ್ನುವುದಿಲ್ಲ. ಬೇಡ ಅನ್ನೋದು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ನನ್ನದೇ ಹೇಳುತ್ತೇನೆ. ಪಿಯುಸಿಯಲ್ಲಿ ಫಿಸಿಕ್ಸ್ ಪ್ರಾಕ್ಟಿಕಲ್‌ಗೆ ನಾಲ್ಕು ಜನರ ಬ್ಯಾಚು, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ನಮ್ಮ ಲೆಕ್ಚರರ್ ಒಳ್ಳೆಯವರೇ. "ಹುಡುಗರು ಕನೆಕ್ಷನ್ ಕೊಡಲಿ, ನಿಮ್ಮ ಅಕ್ಷರ ಚೆನ್ನಾಗಿದೆ, ರೀಡಿಂಗ್ ಬರ್ಕೊಳ್ಳಿ" ಅನ್ನುತ್ತಿದ್ದರು. ಹೊಗಳಿಕೆ ಅಂತಲೇ ಅಂದುಕೊಂಡಿದ್ದೆ. ಎರಡು ವರ್ಷ ರೀಡಿಂಗ್ ಬರೆದೆ. ಎಂಜಿನಿಯರಿಂಗ್ ಲ್ಯಾಬಿನಲ್ಲಿ ಮೊದಲ ಸಲ ವೈರು ಕೈಗೆ ಬಂದಾಗ ಆಮ್ಮೀಟರನ್ನು ಸೀದಾ ಸಪ್ಲೈಗೇ ಅಡ್ಡಲಾಗಿ ಹಾಕಿದೆ. ಫ್ಯೂಸ್ ಢಂ ಅಂತು. ಎಲ್ಲರೂ ನಕ್ಕರು. ಆಮ್ಮೀಟರ್ ಸರಣಿಯಲ್ಲಿ ಇರಬೇಕು ಅಂತ ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆದಿದ್ದವಳು ನಾನು. ಕೈಗೆ ಮಾತ್ರ ಗೊತ್ತಿರಲಿಲ್ಲ.

ನಮ್ಮ ಹೈಸ್ಕೂಲಿನಲ್ಲಿ ಎರಡು ಮೈಕ್ರೋಸ್ಕೋಪ್ ಇವೆ. ಬೀರುವಿನ ಒಳಗೆ, ಪ್ಲಾಸ್ಟಿಕ್ ಕವರಿನ ಒಳಗೆ. ಮೇಷ್ಟ್ರನ್ನು ಬೈಯಲಾರೆ. ಸ್ಟಾಕ್ ರಿಜಿಸ್ಟರಿನಲ್ಲಿ ಅವರ ಸಹಿ ಇದೆ. ಒಡೆದರೆ ಕೈಯಿಂದ ಕಟ್ಟಿಕೊಡಬೇಕಾದೀತು ಅನ್ನುವ ಭಯ. ಅಟಲ್ ಟಿಂಕರಿಂಗ್ ಲ್ಯಾಬ್ ಸಿಕ್ಕ ಶಾಲೆಗಳಿಗೆ 20 ಲಕ್ಷ ರೂಪಾಯಿ ಅನುದಾನ ಬರುತ್ತದೆ. ನಾನು ಅದನ್ನು ಕೇಳುತ್ತಿಲ್ಲ. ಒಡೆದರೆ ಒಡೆಯಲಿ ಅಂತಲೇ ವರ್ಷಕ್ಕೆ ಒಂದು 5,000 ರೂಪಾಯಿ ಶಾಲೆಯಲ್ಲಿ ಇರಲಿ ಅನ್ನುತ್ತೇನೆ. ನೀವು ಒಂದು ಮಾತು ಹೇಳಿದರೆ ನಮ್ಮ ಅಡಿಕೆ ಮಂಡಿಯವರು ಅಷ್ಟು ಕೊಡದೇ ಇರ್ತಾರಾ? ಬೀರು ಬೀಗ ಬಿಚ್ಚಿದರೆ, ಅವತ್ತು ಮೊದಲು ಮುಟ್ಟುವವರು ಹುಡುಗಿಯರಾಗಲಿ.

ಇನ್ನು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿನ ಚಿಂತೆ ಹೋಯಿತು. ನಮ್ಮ ಹುಡುಗಿಯರು ತಾಲ್ಲೂಕು ಸೆಂಟರಿನ ಪಿಯು ಕಾಲೇಜಿಗೆ ಹೋಗೋಕೆ ಶುರು ಮಾಡಿದ್ದಾರೆ, ಅದು ನಿಜವಾಗಲೂ ದೊಡ್ಡದು. ಆದರೆ ಪ್ರಾಕ್ಟಿಕಲ್ ಮುಗಿಯೋದು ನಾಲ್ಕೂವರೆಗೆ, ನಮ್ಮೂರ ಬಸ್ಸು ಹೊರಡೋದು ನಾಲ್ಕೂ ಹತ್ತಕ್ಕೆ. ಮುಂದಿನದು ಆರೂ ಮುಕ್ಕಾಲಿಗೆ, ಮಳೆಗಾಲದಲ್ಲಿ ಕತ್ತಲು. ಹೋದ ವರ್ಷ ಇಬ್ಬರು ಇದೇ ಕಾರಣಕ್ಕೆ ಸೈನ್ಸ್ ಬಿಟ್ಟು ಆರ್ಟ್ಸ್‌ಗೆ ಸೇರಿದರು. ಆರ್ಟ್ಸ್ ಕಡಿಮೆ ಅಂತಲ್ಲ. ಬಸ್ಸಿನ ಟೈಮು ನೋಡಿ ವಿಷಯ ಆರಿಸಿಕೊಳ್ಳುವುದು ಯಾವ ನ್ಯಾಯ? ಡಿಪೋ ಮ್ಯಾನೇಜರ್‌ಗೆ ಒಂದು ಫೋನ್ ಮಾಡಿ, ಮೂವತ್ತು ನಿಮಿಷ ಹಿಂದೆ ಮುಂದೆ ಆದರೆ ಮುಗಿಯಿತು. ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿ ಕೊರೊನಾ ಬಂದಾಗ ನಿಂತಿತು. ಅದರ ಬಗ್ಗೆಯೂ ನೀವು ಸದನದಲ್ಲಿ ಒಂದು ಮಾತು ಕೇಳಿದರೆ ಸಂತೋಷ. ಭದ್ರಾವತಿಯ ಸೈಕಲ್ಲು ನನ್ನ ತಲೆಯಿಂದ ಹೋಗುತ್ತಿಲ್ಲ, ಕ್ಷಮಿಸಿ.

ನನ್ನ ಮುಖ್ಯ ಬೇಡಿಕೆ ಬೇರೆ.

ತಾಲ್ಲೂಕು ಪಂಚಾಯಿತಿ ಹಾಲ್‌ನಲ್ಲಿ ಇಲಾಖೆಗಳ ಕೆಲಸ ಪರಿಶೀಲಿಸುವ ಕೆಡಿಪಿ ಸಭೆ ನಡೆಸುವವರು ನೀವು. ಎಲ್ಲ ಇಲಾಖೆಯವರೂ ಅಲ್ಲಿ ಇರುತ್ತಾರೆ. ಆ ಇಲಾಖೆಗಳಲ್ಲಿ ಎಷ್ಟು ಹೆಂಗಸರು ದಿನವೂ ವಿಜ್ಞಾನದ ಕೆಲಸ ಮಾಡುತ್ತಿದ್ದಾರೆ ಅಂತ ಒಂದು ಸಲ ಕಣ್ಣಾಡಿಸಿ. ಕೆಇಬಿ, ಅಂದರೆ ಕರೆಂಟ್ ಆಫೀಸಿನ ಎಇ, ಅಸಿಸ್ಟೆಂಟ್ ಎಂಜಿನಿಯರ್ ಮೇಡಂ (ಇಲಾಖೆಗೆ ಹೆಸರು ಬದಲಾಗಿ ಎಷ್ಟೋ ವರ್ಷವಾಯಿತು, ನಾವಿನ್ನೂ ಕೆಇಬಿ ಅಂತಲೇ ಅನ್ನೋದು). ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವರು. ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿ. ಪಶು ಆಸ್ಪತ್ರೆ ಡಾಕ್ಟರಮ್ಮ. ಜಮೀನು ಅಳೆಯೋಕೆ ಬರುವ ಸರ್ವೆಯರ್. ಇಸ್ರೋದವರನ್ನು ಬೆಂಗಳೂರಿನಿಂದ ಕರೆಸುವುದಕ್ಕೆ ಆರು ತಿಂಗಳು ಕಾಯಬೇಕು. ಇವರು ಇಲ್ಲೇ ಇದ್ದಾರೆ.

ಹೋದ ಡಿಸೆಂಬರ್‌ನಲ್ಲಿ ಆ ಎಇ ಮೇಡಂನ ಒಂದು ಶನಿವಾರ ಶಾಲೆಗೆ ಬನ್ನಿ ಅಂತ ಕೇಳಿಕೊಂಡೆ. ಪಾಪ, ಅರ್ಧ ದಿನ ರಜೆ ಹಾಕಿ ಬಂದರು. ಒಂದು ಕೈಚೀಲದಲ್ಲಿ ಕರಗಿದ ಫ್ಯೂಸ್ ತಂತಿ, ಸುಟ್ಟ ಮೀಟರು, ಒಡೆದ ಪಿಂಗಾಣಿ ಇನ್ಸುಲೇಟರ್. ಎಲ್ಲವನ್ನೂ ಮೇಜಿನ ಮೇಲೆ ಸುರಿದರು, ಸಂತೆ ಅಂಗಡಿ ಥರ. ನಮ್ಮೂರ ಟಿಸಿ (ಟ್ರಾನ್ಸ್‌ಫಾರ್ಮರ್) ಪ್ರತಿ ಬೇಸಿಗೆಯಲ್ಲಿ ಯಾಕೆ ಸುಡುತ್ತೆ ಅಂತ ಒಬ್ಬಳು ಕೇಳಿದಳು. ಎಲ್ಲರೂ ಒಟ್ಟಿಗೇ ಪಂಪ್‌ಸೆಟ್ ಹಾಕಿದಾಗ ಏನಾಗುತ್ತೆ ಅಂತ ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದರು. ಇನ್ನೊಬ್ಬಳು, "ಮೇಡಂ, ನೀವು ಕಂಬ ಹತ್ತುತ್ತೀರಾ?" ಹುಡುಗರು ಕಿಟಕಿಯ ಹೊರಗೆ ನಿಂತು ನಕ್ಕರು.

"ಹತ್ತೋದು ಲೈನ್‌ಮನ್ ಕೆಲಸ," ಅಂದರು. "ಲೈನ್ ಆಫ್ ಆಗಿದೆ, ಈಗ ಹತ್ತಬಹುದು ಅಂತ ನಾನು ಹೇಳಬೇಕು. ನಾನು ಹೇಳೋವರೆಗೆ ಯಾರೂ ಕಂಬ ಮುಟ್ಟೋ ಹಾಗಿಲ್ಲ."

ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಕಿಟಕಿ ಹೊರಗಿನವರೂ ಸುಮ್ಮನಾದರು. ಮುಂದಿನ ತಿಂಗಳು ಮೂರು ಹುಡುಗಿಯರು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್‌ಗೆ ಎಷ್ಟು ಮಾರ್ಕು ಬೇಕು ಅಂತ ನನ್ನನ್ನು ಕೇಳಿದರು. ನಾನು ಎರಡೂವರೆ ವರ್ಷ ಮಾತಾಡಿದ್ದಕ್ಕೆ ಬಾರದ ಪ್ರಶ್ನೆ ಅದು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅನ್ನಿ.

ಹಾಗಾಗಿ ನಾನು ಕೇಳೋದು ಇಷ್ಟೇ. ಇಂಥ ಹೆಂಗಸರು ತಿಂಗಳಿಗೆ ಒಂದು ಗಂಟೆ ಹತ್ತಿರದ ಸರ್ಕಾರಿ ಹೈಸ್ಕೂಲಿಗೆ ಹೋಗಲಿ. ಒಂದು ಶಾಲೆಗೆ ಒಬ್ಬರೇ, ಇಡೀ ವರ್ಷ ಅವರೇ, ಮುಖ ಪರಿಚಯ ಆಗಬೇಕು. ಅದನ್ನು ಓಓಡಿ, ಅಂದರೆ ಕಚೇರಿ ಕೆಲಸದ ಮೇಲೆಯೇ ಹೊರಗೆ ಹೋಗಿದ್ದಾರೆ ಅಂತ ಬರೆದು ಕೊಡಿ, ರಜೆ ಹಾಕಿ ಬರುವ ಹಾಗಾಗಬಾರದು. ಹಾರ, ಶಾಲು, ಫೋಟೋ ಬೇಡ. ಕೇಂದ್ರದವರು 2019ರಿಂದ ನವೋದಯ ಶಾಲೆಗಳ ಮೂಲಕ ವಿಜ್ಞಾನ ಜ್ಯೋತಿ ಅಂತ ಹುಡುಗಿಯರಿಗಾಗಿಯೇ ಒಂದು ಕಾರ್ಯಕ್ರಮ ನಡೆಸುತ್ತಿದ್ದಾರೆ. ಒಳ್ಳೆಯದೇ. ಅದು ನಮ್ಮ ಹಳ್ಳಿಯವರೆಗೆ ಬರಲಿ ಅಂತ ಕಾಯುತ್ತಾ ಕೂರುವುದು ಬೇಡ.

ಹುಡುಗರು ಬೇಡವಾ ಅಂತ ನಮ್ಮ ಹೆಡ್‌ಮಾಸ್ಟರೇ ಕೇಳಿದರು. ಬರಲಿ ಸರ್ ಅಂದೆ, ಕಿಟಕಿ ಹೊರಗೆ ಯಾಕೆ ನಿಲ್ಲಬೇಕು? ಆದರೆ ಸ್ಕ್ರೂಡ್ರೈವರ್ ಮೊದಲು ಹುಡುಗಿಯರ ಕೈಗೆ, ರೀಡಿಂಗ್ ಹುಡುಗರು ಬರೆದುಕೊಳ್ಳಲಿ. ಅವರ ಅಕ್ಷರವೂ ಸುಧಾರಿಸುತ್ತದೆ.

ಇದನ್ನು ನಾನೇ ಮಾಡಿಕೊಂಡು ಹೋಗಬಹುದಲ್ಲ ಅಂತ ನೀವು ಕೇಳಬಹುದು. ಕಳೆದ ಮಳೆಗಾಲದಲ್ಲಿ ಕಂಪನಿ ಕೆಲಸ ಜಾಸ್ತಿಯಾಗಿ ಎರಡು ತಿಂಗಳು ಬರೋಕಾಗಲಿಲ್ಲ. ಫೋನ್ ಮಾಡಿ ಹೇಳಿದ್ದೆ, ಆದರೂ ಎರಡೂ ಸಲ ಐದಾರು ಜನ ಗೇಟಿನ ಹತ್ತಿರ ಕಾದು ಹೋದರಂತೆ. ಆಯಾ ಹೇಳಿದರು. ಒಬ್ಬಳ ಪುರುಸೊತ್ತಿನ ಮೇಲೆ ನಿಂತ ಕೆಲಸ ಹೀಗೇ.

ರಂಗೋಲಿ ಹುಡುಗಿ ಈಗ ಹತ್ತನೇ ಕ್ಲಾಸು. ಮುಂದಿನ ವರ್ಷ ಈ ಹೊತ್ತಿಗೆ ಯಾವುದಾದರೂ ಒಂದು ಅರ್ಜಿ ತುಂಬಿರುತ್ತಾಳೆ. ಎಇ ಮೇಡಂನ ಕೇಳಿದ್ದೇನೆ. ಬರೋಕೆ ತಯಾರಿದ್ದಾರೆ, "ಮೇಲಿನಿಂದ ಒಂದು ಲೆಟರ್ ಬರಲಿ ಅಷ್ಟೆ" ಅಂದರು. ಮುಂದಿನ ಕೆಡಿಪಿ ಸಭೆಯ ಅಜೆಂಡಾದಲ್ಲಿ ಇದನ್ನು ಸೇರಿಸಿ. ಶನಿವಾರ ನಮ್ಮ ಶಾಲೆ ಹನ್ನೊಂದೂವರೆಗೆ ಬಿಡುತ್ತದೆ. ಮೇಜು, ಬೋರ್ಡು ಎಲ್ಲ ಇದೆ. ಬೀರುವಿನ ಬೀಗದ ಕೈ ಹೆಡ್‌ಮಾಸ್ಟರ ಹತ್ತಿರ ಇದೆ.

ಇಂತಿ,
ನಮ್ಮೂರ ಸರ್ಕಾರಿ ಹೈಸ್ಕೂಲಿನ ಒಬ್ಬ ಹಳೇ ವಿದ್ಯಾರ್ಥಿನಿ